ಐಸ್ ಮಿಷನ್ನಿನ ಬಾಯಿ

ಐಸ್ ಮಿಷನ್ ನಾಗನ ಬಲಗೈಯನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ ದಿನ ಸಿಗಡಿ ಫ್ಯಾಕ್ಟರಿಯ ಕೆಲಸ ನಿಲ್ಲಲಿಲ್ಲ. ನಿಲ್ಲಲು ಬಿಡಲಿಲ್ಲ ಅನ್ನುವುದೇ ಸರಿ. ಹೊರಗೆ ಕಂಟೇನರ್ ಲಾರಿ ಕಾಯುತ್ತಿತ್ತು. ಸಂಜೆಯೊಳಗೆ ಅದು ಮಂಗಳೂರು ಬಂದರು ಮುಟ್ಟದಿದ್ದರೆ ಧಣಿ ಪ್ರೇಮಾನಂದನಿಗೆ ನಷ್ಟ. ಒಬ್ಬ ಕೂಲಿಯ ಕೈ ಹೋದರೆ ಅವನಿಗೇನು ನಷ್ಟ?

ಐಸ್ ಗಡ್ಡೆ ಪುಡಿಮಾಡುವ ಆ ಮಿಷನ್ನಿನ ಬಾಯಿಗೆ ಮೊದಲು ಕಬ್ಬಿಣದ ಜಾಲರಿ ಇತ್ತು. ಜಾಲರಿ ಇದ್ದರೆ ಐಸ್ ಗಡ್ಡೆ ಬೇಗ ಇಳಿಯುವುದಿಲ್ಲ ಎಂದು ಸೂಪರ್‌ವೈಸರ್ ಲೀಲಾಧರ ಅದನ್ನು ಬಿಚ್ಚಿ ಮೂಲೆಗೆ ಎಸೆದಿದ್ದ. ಅವತ್ತು ಗಡ್ಡೆಯೊಂದು ಸಿಕ್ಕಿಕೊಂಡಿತು. ನಾಗ ಅಂಗೈಯಿಂದ ತಳ್ಳಿದ. ಗಡ್ಡೆಯ ಜೊತೆಗೆ ಕೈಯೂ ಇಳಿಯಿತು.

“ಅಕ್ಕಾ!”

ಆ ಕೂಗು ಸಿಗಡಿ, ಅಲ್ಲಿಯವರ ಬಾಯಲ್ಲಿ ಚಟ್ಲಿ, ಸುಲಿಯುವ ಹಾಲ್‌ಗೆ ಕೇಳಿತು. ಬೆಳ್ಳಿ ಸುಲಿಯುತ್ತಿದ್ದ ಟಬ್ಬನ್ನು ಅಲ್ಲೇ ಬಿಟ್ಟು ಓಡಿದಳು. ನಾಗ ಅವಳು ಎತ್ತಿ ಆಡಿಸಿದ ತಮ್ಮ. ಐಸ್ ರೂಮಿನ ಗೋಡೆಗೆಲ್ಲ ರಕ್ತ ಸಿಡಿದಿತ್ತು. ಅವನು ಒದ್ದೆ ನೆಲದ ಮೇಲೆ ಹೊರಳಾಡುತ್ತಿದ್ದ. ಲೀಲಾಧರ ಮಾತ್ರ ಐಸ್ ನೋಡುತ್ತಿದ್ದ.

“ಕೆಂಪಾದ್ ಐಸ್ ಬದಿಗೆ ಎಳಿನಿ! ಉಳ್ದದ್ದ್ ಟಬ್ಬಿಗ್ ಹಾಕಿ! ಹ್ವಾಯ್, ಕೇಂತಿಲ್ಯಾ? ಲಾರಿ ಹೋಯ್ಕ್!”

ಬೆಳ್ಳಿ ತನ್ನ ಸೀರೆಯ ಸೆರಗು ಹರಿದು ಆ ಮೊಂಡುಗೈಗೆ ಸುತ್ತಿದಳು. ಮೀನು ಸಾಗಿಸುವ ಪಿಕಪ್ಪಿನಲ್ಲಿ, ಮೀನಿನ ಪೆಟ್ಟಿಗೆಗಳ ನಡುವೆ, ನಾಗ ಕುಂದಾಪುರದ ಆಸ್ಪತ್ರೆ ಸೇರಿದ. ಹಿಂದೆಯೇ ಬಂದ ಲೀಲಾಧರ ಬೈಕಿನಿಂದ ಬಿದ್ದದ್ದು ಎಂದು ಬರೆಸಿದ. ನಾಗನಿಗೆ ಬೈಕೇ ಇರಲಿಲ್ಲ.

ಬೆಳ್ಳಿ ಹತ್ತದ ಮೆಟ್ಟಿಲಿಲ್ಲ. ಪರಿಹಾರ ಕೇಳಿದರೆ ಫ್ಯಾಕ್ಟರಿಯಲ್ಲೇ ಆದದ್ದಕ್ಕೆ ಸಾಕ್ಷಿ ಎಲ್ಲಿ ಎಂದು ಧಣಿಯ ಆಫೀಸಿನವರು ಮರುಪ್ರಶ್ನೆ ಹಾಕಿದರು. ಕಣ್ಣಾರೆ ಕಂಡ ಹೆಂಗಸರಿಗೆ ಹೊಟ್ಟೆಪಾಡಿನ ಹೆದರಿಕೆ. ಕ್ಯಾಮೆರಾ ಇದ್ದದ್ದು ಸುಲಿಯುವ ಹಾಲ್‌ನಲ್ಲಿ ಮಾತ್ರ, ಅದೂ ಹೊರದೇಶದ ಗಿರಾಕಿಗೆ ಶುಚಿತ್ವ ತೋರಿಸಲಿಕ್ಕೆ. ಐಸ್ ರೂಮನ್ನು ಯಾರಿಗೆ ತೋರಿಸಬೇಕಾಗಿತ್ತು? ಎಡಗೈಯಲ್ಲಿ ಗಂಜಿ ಉಣ್ಣಲು ಕಲಿಯುತ್ತ ನಾಗ ಮನೆಯಲ್ಲಿ ಕೂತ. ಒಂದು ದಿನ ಬಟ್ಟಲನ್ನು ಗೋಡೆಗೆ ಬಡಿದು ಹೋ ಎಂದು ಅತ್ತ.

“ದುಡ್ಡ್ ಸಾಯ್ಲಿ ಅಕ್ಕ. ನನ್ ಕೈ ಅಲ್ಲೇ ಹೋಯ್ತ್ ಅಂದ್ ಒಂದ್ ಸಲ ಅವ್ರ್ ಬಾಯಗೆ ಬರ್ಕ್.”

ಬೆಳ್ಳಿಗೆ ಅದೊಂದು ಮಾತು ಹಗಲಿರುಳೂ ಕೊರೆಯತೊಡಗಿತು.

ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಒಂದು ದಿನ ಧಣಿ ಅವಳನ್ನು ಎ.ಸಿ. ರೂಮಿಗೆ ಕರೆಸಿದ. ಲೀಲಾಧರ ಪಕ್ಕದಲ್ಲೇ ನಿಂತಿದ್ದ. ಕಂಪ್ಯೂಟರ್ ಪರದೆಯ ಮೇಲೆ ಒಂದು ಚಿತ್ರ. ಹೆಪ್ಪುಗಟ್ಟಿದ ಸಿಗಡಿಯ ನಡುವೆ ನಜ್ಜುಗುಜ್ಜಾದ ಒಂದು ತಾಮ್ರದ ಉಂಗುರ.

“ಕಾಣ್ ಬೆಳ್ಳಿ, ಹೊರದೇಶದಗೆ ಒಬ್ಬ ತಿಂಬುಕೆ ಕೂತಾಗ ಚಟ್ಲಿ ಒಳ್ಗ್ ಇದ್ ಸಿಕ್ಕಿತ್ತ್” ಅಂದ ಪ್ರೇಮಾನಂದ. “ಇದ್ ಯಾರ್ ಟಬ್ಬಿಂದ್ ಗೊತ್ತಿತ್ತಾ? ನಿಂದ್!”

ಆ ವರ್ಷದ ಆರಂಭದಲ್ಲೇ ಫ್ಯಾಕ್ಟರಿಗೆ ಹೊಸದೊಂದು ವ್ಯವಸ್ಥೆ ಬಂದಿತ್ತು. ಪ್ರತಿ ಟಬ್ಬಿಗೂ ಸುಲಿದವಳ ನಂಬರು, ತಾರೀಕು, ಹೊತ್ತು ಇರುವ ಸ್ಟಿಕ್ಕರ್. ಸಿಗಡಿ ಭೂಮಿಯ ಯಾವ ಮೂಲೆಗೆ ಹೋದರೂ, ತಪ್ಪು ಸಿಕ್ಕಿದರೆ ಸುಲಿದ ಕೈ ಇಂಥವಳದ್ದೇ ಎಂದು ಕಂಪ್ಯೂಟರ್ ಹೇಳುತ್ತದೆ. ಲಾಭ ಯಾರ ಕೈಗೆ ಹೋಯಿತೆಂದು ಮಾತ್ರ ಅದು ಹೇಳುವುದಿಲ್ಲ. ಅಪಾಯವೆಲ್ಲ ಕೂಲಿಯ ತಲೆಗೆ ಕಟ್ಟಲು ಇದಕ್ಕಿಂತ ಚಂದದ ಉಪಾಯ ಬೇರೆ ಇಲ್ಲ.

ಬೆಳ್ಳಿ ಪರದೆಗೆ ಮುಖ ತಾಗಿಸುವಷ್ಟು ಹತ್ತಿರ ಬಗ್ಗಿದಳು. ಉಂಗುರದ ಮೇಲೆ ಹೆಡೆ ಎತ್ತಿದ ನಾಗರಹಾವಿನ ಗುರುತು. ಕುಕ್ಕೆ ದೇವಸ್ಥಾನಕ್ಕೆ ಹೋದಾಗ ತಮ್ಮನಿಗೆ ಅವಳೇ ತೆಗೆಸಿಕೊಟ್ಟದ್ದು.

“ಇದ್ ಯಾವತ್ತಿನ್ ಟಬ್ಬ್?”

ಲೀಲಾಧರ ತಾರೀಕು ಓದಿದ. ನಾಗನ ಕೈ ಹೋದ ದಿನದ್ದು. ಓದಿದವನೇ ಬೆಪ್ಪಾಗಿ ಧಣಿಯ ಮುಖ ನೋಡಿದ. ಧಣಿಯ ಮುಖವೂ ಬಿಳಿಚಿಕೊಂಡಿತು.

“ನನ್ ತಮ್ಮನ್ ಉಂಗ್ರ ಇದ್” ಅಂದಳು ಬೆಳ್ಳಿ. “ಸಾಕ್ಷಿ ಇಲ್ಲ ಅಂದ್ರಿ. ನಿಮ್ ಕಂಪ್ಯೂಟ್ರೇ ಹೇಳ್ತಲೆ ಧಣಿ!”

ಪ್ರೇಮಾನಂದ ಎದ್ದು ಬಾಗಿಲು ಹಾಕಿದ. “ಗುರುವಾರ ಗಿರಾಕಿ ಕಂಪ್ನಿ ಸಾಹೇಬ ಬತ್ತ. ಉಂಗ್ರ ನಂದೇ, ಸುಲಿವತ್ತಿಗ್ ಜಾರಿ ಬಿತ್ತ್ ಅಂದ್ ಹೇಳ್. ಬಾಕಿದ್ದ್ ನಾನ್ ಕಾಂತೆ.”

“ಹೇಳ್ದಿದ್ರೆ?”

ಲೀಲಾಧರ ಅವಳ ತೋಳು ಹಿಡಿದು ಬೆನ್ನಿಗೆ ತಿರುಚಿದ. ಕೀಲು ಲಟ್ ಅಂದಿತು. “ನಿನ್ ತಮ್ಮಂಗೆ ಇನ್ನೊಂದ್ ಕೈ ಇತ್ತಲ್ದಾ ಹೆಣೆ?”

ಗುರುವಾರದವರೆಗೆ ಬೆಳ್ಳಿಗೆ ಅನ್ನ ಸೇರಲಿಲ್ಲ. ಉಂಗುರ ತನ್ನದು ಅಂದರೆ ನಾಗನ ಕೈ ಇನ್ನೊಮ್ಮೆ ಕತ್ತರಿಸಿದ ಹಾಗೆ. ಅಲ್ಲ ಅಂದರೆ ಈ ರಾಕ್ಷಸರು ಏನು ಮಾಡಲೂ ಹೇಸುವವರಲ್ಲ.

ಸಾಹೇಬ ಬಂದ. ಉಂಗುರವನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡೇ ಬಂದಿದ್ದ. ಅವನಿಗೆ ಕನ್ನಡ ಬಾರದು, ಬೆಳ್ಳಿಗೆ ಇಂಗ್ಲಿಷ್ ಬಾರದು. ನಡುವೆ ದುಭಾಷಿಯಾಗಿ ನಿಂತವನು ಧಣಿಯ ಮಗ ವಿಶಾಲ್. ಹೆಂಗಸರೆಲ್ಲ ಬಿಳಿ ಟೊಪ್ಪಿ, ಬಿಳಿ ಕೋಟು ಹಾಕಿಕೊಂಡು ಸಾಲಾಗಿ ನಿಂತಿದ್ದರು.

ಬೆಳ್ಳಿ ಸಾಲಿನಿಂದ ಮುಂದೆ ಬಂದಳು. “ಸಾಹೇಬ್ರೇ, ಈ ಉಂಗ್ರ ನನ್ ತಮ್ಮಂದ್. ಅವ್ನ್ ಕೈ ಇವ್ರ್ ಐಸ್ ಮಿಷನ್ನಗೆ ಹೋಯ್ತ್. ಆ ಐಸನ್ನೇ ನಿಮ್ ಚಟ್ಲಿಗ್ ಹಾಕಿದ್ರ್.”

ವಿಶಾಲ್ ನಗುನಗುತ್ತ ಎರಡು ಮಾತು ಹೇಳಿದ. ಸಾಹೇಬ ತಲೆದೂಗಿ ಏನೋ ಬರೆದುಕೊಂಡ. ವಿಶಾಲನ ಮಾತಿನಲ್ಲಿ ‘ಸಾರಿ’ ಅಂತೊಂದು ಶಬ್ದವಿತ್ತು. ಅಷ್ಟು ಇಂಗ್ಲಿಷ್ ಬೆಳ್ಳಿಗೂ ಗೊತ್ತಿತ್ತು.

“ಸಾರಿ ಅಂದದ್ದ್ ಯಾರಾ?” ಎಂದು ಅವಳು ಕಿರುಚಿದಳು. “ನಾನ್ ಹೇಳ್ದ್ ಹಾಂಗೇ ಹೇಳಾ, ಹಡ್ಬಿಟ್ಟಿ!”

ಲೀಲಾಧರ ಬಂದವನೇ ಅವಳ ಕೆನ್ನೆಗೆ ಬಿಗಿದ. ತುಟಿ ಒಡೆದು ರಕ್ತ ಬಿಳಿ ಕೋಟಿಗೆ ಸುರಿಯಿತು. ಜುಟ್ಟು ಹಿಡಿದು ಬಾಗಿಲಿಗೆ ಎಳೆದ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಹೆಂಗಸರಲ್ಲಿ ಎಲ್ಲರಿಗಿಂತ ಸಣ್ಣವಳು ಚಂದನಾ. ಮೊದಲು ಕೈ ಎತ್ತಿದವಳು ಅವಳೇ. ಐಸ್ ಸಲಿಕೆ ಬೀಸಿ ಲೀಲಾಧರನ ಮುಖಕ್ಕೆ ಬಡಿದಳು. ಮೂಗು ಒಡೆಯಿತು. ಅವನು ಕುಸಿಯುವಷ್ಟರಲ್ಲಿ ಎಲ್ಲರೂ ಮೇಲೆ ಬಿದ್ದಿದ್ದರು. ಗಂಬೂಟಿನ ಕಾಲುಗಳು, ಸಿಗಡಿ ಮುಳ್ಳು ಚುಚ್ಚಿ ಚುಚ್ಚಿ ಕೊಳೆತ ಬೆರಳುಗಳು, ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ.

ಅವನನ್ನು ಐಸ್ ರೂಮಿಗೆ ದರದರ ಎಳೆದರು. ಸಾಹೇಬ ಹಿಂದೆಯೇ ಓಡಿ ಬಂದ. ತಡೆಯಲು ಬಂದ ಧಣಿಯನ್ನು ಇಬ್ಬರು ಗೋಡೆಗೆ ಒತ್ತಿ ನಿಲ್ಲಿಸಿದರು. ಲೀಲಾಧರನ ಬಲಗೈಯನ್ನು ಬೆಳ್ಳಿ ಮಿಷನ್ನಿನ ತೆರೆದ ಬಾಯಿಯ ಮೇಲೆ ಹಿಡಿದಳು.

“ನಾಗನ್ ಕೈ ಎಲ್ ಹೋಯ್ತ್? ಹೇಳ್.”

“ಬೈಕಿಂದ ಬಿದ್ದ್...”

“ಚಂದನಾ, ಸ್ವಿಚ್ ಹಾಕ್ ಹೆಣೆ.”

ಹಲ್ಲುಗಳು ಗರಗರ ತಿರುಗಿದವು. ಬೆರಳಿಗೂ ಹಲ್ಲಿಗೂ ನಡುವೆ ಒಂದು ಗೇಣು. ಲೀಲಾಧರ ನಿಂತಲ್ಲೇ ಉಚ್ಚೆ ಹೊಯ್ದುಕೊಂಡ.

“ಇಲ್ಲೇ! ಇಲ್ಲೇ ಹೋಯ್ತ್! ನಿಲ್ಸ್‌ಬ್ಯಾಡ ಅಂದದ್ದ್ ಧಣಿ! ಬೈಕ್ ಅಂದ್ ಬರ್ಸುಕೆ ಹೇಳದ್ದೂ ಧಣಿ! ನಾನಲ್ಲ, ಬೆಳ್ಳಕ್ಕಾ!”

ಬೆಳ್ಳಿಯ ಕಿವಿಯಲ್ಲಿ ತಮ್ಮನ ಕೂಗು ಮೊರೆಯಿತು. ಕೈಯನ್ನು ಒಂದಿಷ್ಟು ಕೆಳಗೆ ಒತ್ತಿದ್ದರೆ ಸಾಕಿತ್ತು. ಒತ್ತಬೇಕೆಂದು ಅವಳ ಮೈಯೆಲ್ಲ ಕುದಿಯುತ್ತಿತ್ತು.

“ಬಂದ್ ಮಾಡ್” ಅಂದಳು ಕೊನೆಗೆ.

ಸಾಹೇಬ ಚೀಲದಲ್ಲಿದ್ದ ಉಂಗುರ ನೋಡಿದ. ಮಿಷನ್ನಿನ ಬಾಯಿ ನೋಡಿದ. ಲೀಲಾಧರನ ಕೈ ನೋಡಿದ. ವಿಶಾಲ್ ಏನೋ ಹೇಳಲು ಬಾಯಿ ತೆರೆದ. ಸಾಹೇಬ ಅವನಿಗೆ ಸುಮ್ಮನಿರಲು ಕೈಸನ್ನೆ ಮಾಡಿ ಗೋಡೆಗೆ ಒರಗಿ ವಾಂತಿ ಮಾಡಿಕೊಂಡ.

ಹೆಂಗಸರು ಮಿಷನ್ನಿಗೆ ಬೆನ್ನು ಕೊಟ್ಟು ಕೂತರು. ಪ್ರೇಮಾನಂದ ಕೈ ಮುಗಿದ.

“ಬೆಳ್ಳಿ, ಟಬ್ಬಗೆ ಮಾಲ್ ಹಾಳಾತ್ತ್ ಮಾರಾಯ್ತಿ. ಎಷ್ಟ್ ಬೇಕ್ ಹೇಳ್, ಈಗ್ಳೇ ಕೊಡ್ತೆ.”

“ಅದ್ ಆಮೇಲೆ. ಮೊದ್ಲ್ ನನ್ ತಮ್ಮನ್ನ ಕರ್ಕ ಬನ್ನಿ. ಇಲ್ಲಿ, ಎಲ್ಲರ್ ಎದ್ರಿಗೆ, ಅವ್ನ್ ಮುಖ ಕಂಡ್, ಕೈ ಇಲ್ಲೇ ಹೋಯ್ತ್ ಅಂದ್ ಹೇಳಿ.”

“ಡ್ರೈವರನ್ನ ಕಳ್ಸ್ತೆ.”

ಬೆಳ್ಳಿ ಕೋಟಿನ ತೋಳಿನಿಂದ ತುಟಿಯ ರಕ್ತ ಒರೆಸಿಕೊಂಡಳು.

“ಡ್ರೈವರ್ ಎಂತಕೆ? ನೀವೇ ಹೋಯ್ನಿ. ನಮ್ಮನಿ ಅಂಗ್ಳದಗೆ ನಿಂತ್ ಅವ್ನನ್ನ ಕರೀಕ್. ಅಂವ ಬಪ್ಪುದಿಲ್ಲ ಅಂದ್ರೆ ಅಲ್ಲೇ ಕಾದ್ ಕೂಕಣಿ. ಅಲ್ಲಿವರಿಗೂ ನಾವ್ ಯಾರೂ ಏಳುದಿಲ್ಲ.”