ಬಾಗಿಲ ಪಕ್ಕದ ಸೀಮೆಸುಣ್ಣ

ಚಟ್ಟಕ್ಕೆ ನಾಲ್ವರು ಹೆಗಲು ಕೊಡಬೇಕು ಎನ್ನುವಷ್ಟರಲ್ಲಿ ಭಾರ್ಗವ ಕೈ ಅಡ್ಡ ಹಿಡಿದರು.

"ಒಂದೇ ನಿಮಿಷ, ಸಿದ್ಧಾರ್ಥ. ಚೀಫ್ ಗೆಸ್ಟ್ ಸಾರಕ್ಕಿ ಸಿಗ್ನಲ್‌ಗೆ ಬಂದಿದ್ದಾರಂತೆ. ಅಮ್ಮನಿಗೆ ಶಾಲು ಹೊದಿಸಿ ಒಂದು ಫೋಟೊ ತಗೊಂಡ್ಬಿಟ್ರೆ ಆಯ್ತು."

ಬಗ್ಗಿದ್ದ ಮಗ ಸಿದ್ಧಾರ್ಥ ಹಾಗೆಯೇ ನೆಟ್ಟಗಾದ. ಕೆಂಪಕ್ಕನ ಮುಖದ ಮೇಲೆ ನೊಣ ಕೂರದಂತೆ ಸೆರಗು ಬೀಸುತ್ತಿದ್ದ ವನಿತಾಗೆ ಮೈಯೆಲ್ಲ ಉರಿದುಹೋಯಿತು. ಒಂದು ಗಂಟೆಯಲ್ಲಿ ಇದು ಮೂರನೆಯ 'ಒಂದೇ ನಿಮಿಷ'.

ಭಾರ್ಗವ ಈ ಲೇಔಟಿನ ಆರೋಗ್ಯ ಸಮಿತಿಯ ಸೆಕ್ರೆಟರಿ. ನಿನ್ನೆ ಆರೋಗ್ಯ ಸ್ವಯಂಸೇವಕಿಯರಿಗೆ ಸನ್ಮಾನ ಇಟ್ಟುಕೊಂಡವರೂ ಅವರೇ. ಆ ಸನ್ಮಾನದಲ್ಲೇ ಕೆಂಪಕ್ಕ ಬಿದ್ದು ಸತ್ತಳು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇವತ್ತು ಭಾರ್ಗವ ಕೆಂಪಕ್ಕನ ಮನೆ ಮುಂದೆ ಶಾಮಿಯಾನ ಹಾಕಿಸಿ, ಶಾಲಿನ ಜೊತೆಗೆ ಎರಡು ಕೇಸು ನೀರಿನ ಬಾಟಲಿಯನ್ನೂ ತರಿಸಿದ್ದರು.

*

ನಿನ್ನೆ ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಸ್ವಯಂಸೇವಕಿಯರನ್ನು ಒಂಬತ್ತಕ್ಕೇ ಕರೆಸಿ ಸಾಲಾಗಿ ನಿಲ್ಲಿಸಿದ್ದರು. ವೇದಿಕೆಗೆ ಶಾಮಿಯಾನ ಇತ್ತು, ಇವರಿಗೆ ಬಿಸಿಲಿತ್ತು. ಹನ್ನೆರಡಾದರೂ ಅತಿಥಿಯ ಸುಳಿವಿಲ್ಲ.

"ಒಂದು ಗುಟುಕು ನೀರು ಕುಡಿಯಕ್ಕ," ಎಂದು ವನಿತಾ ಬಾಟಲಿ ಚಾಚಿದಳು.

"ಬ್ಯಾಡ ಕಣೆ. ಆಮೇಲೆ ಹೋಗೋಕೆ ಇಲ್ಲಿ ಟಾಯ್ಲೆಟ್ ಎಲ್ಲೈತೆ?"

ಹನ್ನೊಂದು ವರ್ಷ ಇಬ್ಬರೂ ಕೂಡಿಯೇ ಕೋಣನಕುಂಟೆಯ ಬೀದಿ ಸುತ್ತಿದ್ದರು. ಟಿಬಿ ಮಾತ್ರೆ ನುಂಗಿಸಿದ್ದರು, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ಮನೆಮನೆಯಲ್ಲೂ "ನೀರು ಚೆನ್ನಾಗಿ ಕುಡೀರಿ" ಎಂದು ಗದರುತ್ತಿದ್ದ ಕೆಂಪಕ್ಕ, ತಾನು ಸಂಜೆಯವರೆಗೂ ಗಂಟಲು ಒಣಗಿಸಿಕೊಂಡೇ ಇರುತ್ತಿದ್ದಳು. ಒಮ್ಮೆ ಭಾರ್ಗವರ ಅಪಾರ್ಟ್‌ಮೆಂಟಿನಲ್ಲಿ, ನಾಚಿಕೆ ಬಿಟ್ಟು, ಸೆಕ್ಯುರಿಟಿಯವರ ಟಾಯ್ಲೆಟ್ಟಾದರೂ ತೋರಿಸಿ ಎಂದು ಕೇಳಿದ್ದಳು. "ಹೊರಗಿನೋರಿಗೆ ಅಲೋ ಇಲ್ಲ" ಎಂದವರು ಇದೇ ಭಾರ್ಗವ.

ಪೋಲಿಯೊ ಹನಿ ಹಾಕುವ ದಿನಗಳಲ್ಲಿ ಬಾಗಿಲ ಪಕ್ಕ ಸೀಮೆಸುಣ್ಣದ ಗುರುತು ಹಾಕಬೇಕು. ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ 'ಪಿ'. ಮನೆಗೆ ಬೀಗ ಹಾಕಿದ್ದರೆ 'ಎಕ್ಸ್', ಅಂದರೆ ಇನ್ನೊಮ್ಮೆ ಬರಬೇಕು. ಆ ಅಪಾರ್ಟ್‌ಮೆಂಟಿಗೆ ಕೆಂಪಕ್ಕ ಐದು ಸಲ ಹೋಗಿ, ಐದು ಸಲವೂ ಗೇಟಿನಲ್ಲಿ ಕಾದು, ಎಲ್ಲ ಎಕ್ಸನ್ನೂ ಪಿ ಮಾಡಿದ್ದಳು.

"ಮಾನ ಮರ್ವಾದೆ ಇಲ್ವಾ ನಿಂಗೆ?" ಎಂದು ವನಿತಾ ರೇಗಿದ್ದಳು.

"ನಾನು ಮುನಿಸ್ಕೊಂಡ್ರೆ ಮಗೀಗೆ ಹನಿ ಬೀಳ್ತದಾ?"

ನಿನ್ನೆ ಹನ್ನೆರಡೂವರೆಗೆ ಹಾರನ್ ಕೇಳಿ ಎಲ್ಲರೂ ಚಪ್ಪಾಳೆಗೆ ಕೈಯೆತ್ತಿದರು. ಬಂದದ್ದು ಊಟದ ವ್ಯಾನು. ಕೆಂಪಕ್ಕ ಕೈಯೆತ್ತಲಿಲ್ಲ, ಕುಸಿದಳು. "ಇವರನ್ನ ಸ್ವಲ್ಪ ಪಕ್ಕಕ್ಕೆ ತಗೊಳ್ಳಿ, ಗೆಸ್ಟ್ ಬರೋ ದಾರಿ ಇದು," ಎಂದರು ಭಾರ್ಗವ. ಗೆಸ್ಟ್ ನಿನ್ನೆ ಬರಲೇ ಇಲ್ಲ.

*

"ಇದು ಅವರಿಗೇ ಗೌರವ ಅಲ್ವಾ ಮೇಡಂ?" ಭಾರ್ಗವ ಈಗ ವನಿತಾಳ ಕಡೆ ತಿರುಗಿದರು. "ಎಷ್ಟು ಜನಕ್ಕೆ ಸಿಗುತ್ತೆ ಹೇಳಿ."

ಪಕ್ಕದ ಮನೆಯ ಮುನಿಯಣ್ಣ ತಗ್ಗಿದ ದನಿಯಲ್ಲಿ, "ತಡಿಯವ್ವ, ದೊಡ್ಡೋರು ಬರ್ತಾವ್ರೆ. ನಾಳೆ ಹುಡುಗಂಗೆ ಒಂದು ಕೆಲಸ ಗಿಲಸ ಕೊಡಿಸ್ಬೋದು," ಎಂದ.

"ಆಂಟಿ, ಏನ್ ಮಾಡ್ಲಿ?" ಎಂದ ಸಿದ್ಧಾರ್ಥ.

"ನಿಮ್ಮಮ್ಮ ಬದುಕಿದ್ದಷ್ಟು ದಿನ ಗೇಟಲ್ಲಿ ಕಾದ್ಲು. ನಿನ್ನೆ ಬಿಸ್ಲಲ್ಲಿ ಕಾದು ಸತ್ಲು. ಈಗ ಹೆಣಾನೂ ಕಾಯಿಸ್ತೀಯೇನೋ? ಎತ್ತೋ!"

ಸಿದ್ಧಾರ್ಥ ಕಣ್ಣೊರೆಸಿಕೊಂಡು ಬಗ್ಗಿದ. ಚಟ್ಟ ಮೇಲೆದ್ದಿತು. 'ಬುದ್ಧಂ ಶರಣಂ ಗಚ್ಛಾಮಿ' ಎನ್ನುತ್ತ ಗಂಡಸರು ಹೆಂಗಸರೆಲ್ಲ ಹಿಂದೆ ಹೊರಟರು. ಕೊನೆಗೆ ಉಳಿದ ವನಿತಾ ಬಾಗಿಲೆಳೆದು ಬೀಗ ಹಾಕಿದಳು. ಬ್ಯಾಗಿನ ತಳದಿಂದ ಸೀಮೆಸುಣ್ಣದ ಚೂರು ತೆಗೆದು, ಬಾಗಿಲ ಪಕ್ಕದ ಗೋಡೆಗೆ ಅಂಗೈ ಅಗಲದ ಎಕ್ಸ್ ಎಳೆದಳು. ಕೆಳಗೆ ತಾರೀಖು ಬರೆದಳು.

"ಏನ್ರೀ ಇದು? ಸಾರ್ ಬಂದ್ರೆ ನಾನೇನ್ ಹೇಳ್ಲಿ?" ಎಂದರು ಭಾರ್ಗವ.

ವನಿತಾ ಚೂರನ್ನು ಅವರ ಕೈಯಲ್ಲಿದ್ದ ತಟ್ಟೆಗೆ, ಶಾಲಿನ ಮೇಲೆ ಹಾಕಿದಳು.

"ಮನೇಲಿ ಯಾರೂ ಇಲ್ಲ, ಸಾರ್. ಇನ್ನೊಂದ್ಸಲ ಬನ್ನಿ."

ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು. ಶಾಮಿಯಾನದವನು ಆಗಲೇ ಕಂಬ ಕೀಳುತ್ತಿದ್ದ. ಭಾರ್ಗವ ತಟ್ಟೆ ಹಿಡಿದುಕೊಂಡು ಬಿಸಿಲಿನಲ್ಲಿ ನಿಂತಿದ್ದರು.