ಡ್ರಿಲ್ಲು ಮುಗಿಯುವ ತನಕ

ಜಲ್ಲಿಯ ಮೇಲೆ ಚರಚರ, ಎಂಬತ್ತು ಹುಡುಗಿಯರ ಬರಿಗಾಲು, ಎಡ ಬಲ ಎಡ ಬಲ, ಕಿಟಕಿಯಾಚೆ ಶಾಲೆಯ ಮೈದಾನದಲ್ಲಿ ಸಾಲು ತಿರುಗುತ್ತಿದೆ, ಇಲ್ಲಿ ಪಿಯಾನೋ ಮುಂದೆ ಶಕುಂತಲಮ್ಮನ ಎಡಗೈ ತಿರುಗುತ್ತಿದೆ, ಮೂರು ಕೀಲಿ ಒಟ್ಟಿಗೆ ಒತ್ತಿದರೆ ಒಂದು ಕಾರ್ಡು, ಅಂಥವು ಮೂರೇ, ಎರಡು ತಿಂಗಳಲ್ಲಿ ಕಲಿತದ್ದು ಅಷ್ಟೇ — ಅಷ್ಟು ಸಾಕು ಮಾರಾಯ್ತಿ, ಎಂದಿದ್ದರು ಇಲ್ಲಿ ಕಲಿಸಿ ಮಂಗಳೂರಿಗೆ ಮರಳಿದ ಸಿಸ್ಟರ್ ಬೆನೆಡಿಕ್ಟಾ, ಎಡಗೈ ಅಲ್ಲೇ ಕೂತಿರಲಿ, ಬಲಗೈ ಬೇಕಾದ ಹಾಗೆ ಹೋಗಲಿ, ಬೇಕಾದ ಹಾಗೆ ಅಂದ್ರೆ ಹೇಗೆ ಸಿಸ್ಟರ್, ಯಾವ ಕೀಲಿ ಅಂತ ಹೇಳಿಬಿಡಿ, ಹೇಳಿದ್ರೆ ಅದು ನನ್ನದಾಯ್ತಲ್ಲ, ನಿನ್ನದು ಬೇಡವಾ? ಆದರೂ ಅವಳ ಬಲಗೈ ಹೇಳಿಕೊಟ್ಟ ಡ್ರಿಲ್ಲಿನ ಧಾಟಿ ಬಿಟ್ಟು ಕದಲಿದ್ದಿಲ್ಲ, ಹದಿನೆಂಟಕ್ಕೆ ಗಂಡ ಸತ್ತ ಮೇಲೆ ಆ ಕೈಗೆ ಏನು ಬೇಕೆಂದು ಕೇಳಿದವರು ಯಾರು, ಹೊಲಿಗೆ ಟೀಚರಾಗಿ ಮಡಿಕೇರಿಗೆ ಬಂದದ್ದೂ ಮಾವ ಹೂಂ ಅಂದದ್ದರಿಂದ, ಈಗ ಹೊರಡುವುದು — ವರಾಂಡದ ಬೆಂಚಿನ ಮೇಲೆ ಜಯಪ್ಪ ಭಾವ, ಗಂಡನ ಅಣ್ಣ, ಪಕ್ಕದಲ್ಲಿ ಅವಳ ಟ್ರಂಕು, ಹಗ್ಗ ಬಿಗಿದದ್ದು. ಮಾದಾಪುರದಿಂದ ಮೊದಲ ಬಸ್ಸಿಗೇ ಬಂದಿದ್ದರು, ವಿಮಲಾ ಹೆರಿಗೆಯಾದಾಗಿಂದ ಎದ್ದಿಲ್ಲ ಕಣಮ್ಮ, ಮೂರು ಮಕ್ಕಳಿಗೆ ಅನ್ನ ಇಕ್ಕೋರಿಲ್ಲ, ಹೆಂಡತಿಯ ಹೆಸರು ಹೇಳುವಾಗ ಕಣ್ಣು ಒರೆಸಿಕೊಂಡರು, ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು, ಅಕ್ಕ ಎದ್ದ ಮೇಲೆ ವಾಪಸು ಬರಬಹುದಾ ಭಾವ, ಅವರು ನಕ್ಕರು, ಕೊಡಗು ರಾಜ್ಯಕ್ಕೆ ರಾಜ್ಯವೇ ಮೈಸೂರಿಗೆ ಸೇರ್ತದಂತೆ, ನಿಂಗೊಂದು ಮನೆ ಸೇರೋಕೆ ಏನಮ್ಮ, ಆಗ ಅವಳ ಬಾಯಿ ತಾನಾಗಿಯೇ ಅಂದಿತ್ತು, ಬರ್ತೀನಿ ಭಾವ, ಡ್ರಿಲ್ಲೊಂದು ಮುಗಿಸಿ.

ಧಾಟಿ ಮುಗಿಯಿತು, ಇಲ್ಲಿ ನಿಲ್ಲಿಸಬೇಕು, ನಿಲ್ಲಿಸಿದರೆ ಡ್ರಿಲ್ ಟೀಚರ ಸೀಟಿ, ಸೀಟಿಯಾದರೆ ಟ್ರಂಕು, ಎಡಗೈ ನಿಲ್ಲಲಿಲ್ಲ, ಮತ್ತೆ ಮೊದಲ ಕಾರ್ಡು, ಬಲಗೈಗೆ ಗೊತ್ತಿದ್ದದ್ದೆಲ್ಲ ತೀರಿದೆ, ಒಂದು ಬೆರಳು ಇಳಿಯಿತು, ಎಲ್ಲಿ ಎಂದು ನೋಡಲಿಲ್ಲ, ಕಾರ್ಡಿಗೆ ಕೂಡಿತು, ಪಕ್ಕದ್ದು, ಅದರಾಚೆಯದು, ತಪ್ಪಿತು, ತಪ್ಪನ್ನೇ ತುಳಿದು ದಾಟಿತು, ಇದು ಯಾರ ಧಾಟಿ, ಅಯ್ಯೋ ಇದು ನಂದು, ಸಿಸ್ಟರ್, ಎಲ್ಲಿದ್ದೀರಿ, ಕೇಳ್ತಿದೆಯಾ — ಸಾಲು ಎರಡನೇ ಸುತ್ತು, ಮೂರನೇ ಸುತ್ತು, ಭಾವ ಕಿಟಕಿಗೆ ಬಂದರು, ಶಕುಂತಲಾ, ಬಸ್ಸಿಗೆ ಹೊತ್ತಾಯ್ತು, ಇದೊಂದು ಭಾವ, ಇದೊಂದು — ಐದನೇ ಸುತ್ತು, ಬಿಸಿಲೇರಿದೆ, ಹುಡುಗಿಯರು ತಿರುತಿರುಗಿ ಇತ್ತಲೇ ನೋಡುತ್ತಿದ್ದಾರೆ, ನಿಲ್ಲಿ ಎಂದು ಅವರಿಗೆ ಯಾರೂ ಹೇಳಿಲ್ಲ, ಸಾಲಿನ ಕೊನೆಗೆ ಪಾಪ, ಒಂದನೇ ಕ್ಲಾಸಿನ ಹುಡುಗಿ, ಕುಂಟುತ್ತಿದ್ದಾಳೆ, ಜಲ್ಲಿ ಚುಚ್ಚಿರಬೇಕು, ಆದರೂ ಎತ್ತುತ್ತಾಳೆ, ಇಡುತ್ತಾಳೆ, ಪಿಯಾನೋ ನಿಂತಿಲ್ಲವಲ್ಲ, ಎಡ, ಆ ಕಾಲು, ಬಲ, ಎಡ, ಮತ್ತೆ ಆ ಕಾಲು, ಅಂಗಾಲು ಕೆಂಪಾಗಿದೆ, ಮಣ್ಣೋ ರಕ್ತವೋ — ಶಕುಂತಲಮ್ಮ ಎರಡೂ ಕೈ ಎತ್ತಿಬಿಟ್ಟಳು, ಸೀಟಿ ಇನ್ನೂ ಆಗಿಲ್ಲ, ವರಾಂಡದಲ್ಲಿ ಭಾವ ಟ್ರಂಕು ಹೆಗಲಿಗೇರಿಸಿದರು, ಆ ಪುಟ್ಟ ಹುಡುಗಿ ಒಂಟಿಕಾಲಲ್ಲಿ ನಿಂತು ಕಿಟಕಿಯನ್ನೇ ನೋಡುತ್ತಿದ್ದಾಳೆ, ಇಡಲೋ ಬೇಡವೋ ಎಂದು, ಆ ಕಾಲು, ಎತ್ತಿದ್ದು ಎತ್ತಿದ ಹಾಗೇ, ಆ ಕಾಲು