ರಿಪೋರ್ಟಿನಲ್ಲಿಲ್ಲದ ಸುಸ್ತು

ಹೊಲಿಗೆ ಅಂಗಡಿಯಲ್ಲಿ ದುಡಿಯುವವರು ಮೂವರೇ. ದರ್ಜಿ ಮಷಿನ್ ತುಳಿಯುತ್ತಿದ್ದ, ಅವನ ಅಕ್ಕ ಬಾಗಿಲ ಬೆಳಕಿಗೆ ಕೂತು ಗುಂಡಿ ಹಚ್ಚುತ್ತಿದ್ದಳು, ಹೆಂಡತಿ ಬಟ್ಟೆ ಕತ್ತರಿಸುತ್ತಿದ್ದಳು. ಗಿರಾಕಿಗಳೆಲ್ಲ ಅವಳನ್ನು ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು. ಅವಳು ಕತ್ತರಿಸಿದ ಮೇಲೆ ಎರಡನೇ ಸಲ ಅಳೆದು ನೋಡುವ ಗೋಜೇ ಇರಲಿಲ್ಲ.

ಅಂಥವಳು ಕತ್ತರಿಸಿಟ್ಟ ಕೋಟಿನ ತೋಳುಗಳನ್ನು ಎತ್ತಿಕೊಂಡ ದರ್ಜಿ ಕಕ್ಕಾಬಿಕ್ಕಿಯಾದ. ಎರಡೂ ಎಡಗೈಯವು! ಬಟ್ಟೆಯನ್ನು ಮಡಿಚಿ, ಎರಡು ಪದರ ಸೇರಿಸಿ ಕತ್ತರಿಸಿದರೆ ಒಂದು ಎಡ, ಒಂದು ಬಲ ತಾನಾಗಿ ಬರುತ್ತದೆ. ಅವಳು ಮಡಿಚುವುದನ್ನೇ ಮರೆತು ಒಂದರ ಪಕ್ಕ ಒಂದು ಕತ್ತರಿಸಿಬಿಟ್ಟಿದ್ದಳು. ಕೆಲಸ ಕಲಿಯಲು ಬಂದವರು ಮೊದಲ ವಾರ ಮಾಡುವ ತಪ್ಪು ಅದು. ಇನ್ನೊಂದು ತೋಳಿಗೆ ಬಟ್ಟೆಯೂ ಉಳಿದಿರಲಿಲ್ಲ.

"ಏನಾಗಿದೆಯೇ ನಿಂಗೆ?"

"ತಲೆ ಓಡ್ತಾ ಇಲ್ಲ ರೀ. ಎದ್ದಾಗಿಂದ್ಲೇ ಸುಸ್ತು. ಬಟ್ಟೆ ಮುಂದೆ ನಿಂತ್ರೆ ಮಂಕು ಕವಿದ ಹಾಗಾಗುತ್ತೆ."

"ಮೊನ್ನೆ ತಾನೇ ಥೈರಾಯ್ಡ್ ರಿಪೋರ್ಟ್ ಬಂತಲ್ಲ. ಎಲ್ಲಾ ನಾರ್ಮಲ್ ಅಂದ್ರಲ್ಲ!"

ಅಕ್ಕ ಹಲ್ಲಿನಲ್ಲಿ ದಾರ ಕಡಿಯುತ್ತಾ, "ನಮಗೂ ಸುಸ್ತಾಗುತ್ತಪ್ಪಾ. ಊರಿಗೆಲ್ಲ ಹೇಳ್ಕೊಂಡು ತಿರುಗಲ್ಲ, ಅಷ್ಟೆ" ಎಂದಳು.

ರಿಪೋರ್ಟು ನಾರ್ಮಲ್ ಎಂಬುದು ನಿಜ. ಥೈರಾಯ್ಡ್ ಮಾತ್ರೆಯನ್ನು ಅವಳು ಒಂದು ಬೆಳಿಗ್ಗೆಯೂ ತಪ್ಪಿಸಿದವಳಲ್ಲ. ಡಾಕ್ಟರೂ ಕೆಟ್ಟವರಲ್ಲ. "ನೋಡಮ್ಮ, ಹಾರ್ಮೋನ್ ಸರಿಯಾದ ಮಟ್ಟದಲ್ಲಿದೆ. ಸುಮ್ಮನೆ ಮಾತ್ರೆ ಜಾಸ್ತಿ ಮಾಡಿದ್ರೆ ಹೃದಯಕ್ಕೆ ತೊಂದರೆ. ಚಿಂತೆ ಬಿಡಿ, ವಾಕಿಂಗ್ ಮಾಡಿ" ಎಂದು ಮುಂದಿನವರನ್ನು ಕರೆದಿದ್ದರು. ಬಾಚಣಿಗೆಯಲ್ಲಿ ಹಿಡಿ ಹಿಡಿ ಬರುವ ಕೂದಲು, ಎಲ್ಲರೂ ಫ್ಯಾನ್ ಹಾಕಿಕೊಂಡಾಗ ಇವಳೊಬ್ಬಳೇ ಸ್ವೆಟರ್ ತೊಡುವುದು, ನಾಲಿಗೆಯ ತುದಿಯಲ್ಲಿದ್ದ ಮಾತು ಮರೆತು ಬೆಪ್ಪಾಗಿ ನಿಲ್ಲುವುದು, ಇವನ್ನು ಹೇಳುವಷ್ಟರಲ್ಲಿ ಅವಳ ಸರದಿ ಮುಗಿದಿತ್ತು. ಕೊನೆಕೊನೆಗೆ ಅವಳು ಈ ಸಲವಾದರೂ ರಿಪೋರ್ಟು ಕೆಟ್ಟದ್ದೇ ಬರಲಿ ಎಂದು ಆಸೆಪಡತೊಡಗಿದ್ದಳು. ರೋಗವನ್ನು ಬೇಡುವಷ್ಟು ಯಾರೂ ಒಂಟಿಯಾಗಬಾರದು.

ದರ್ಜಿ ಮೇಜಿನ ಮೇಲಿದ್ದ ಕತ್ತರಿಯನ್ನು ತನ್ನ ಕಡೆಗೆ ಎಳೆದುಕೊಂಡ. "ನಾಳೆಯಿಂದ ಕಟಿಂಗ್ ನಾನೇ ಮಾಡ್ತೀನಿ. ನೀನು ಇಸ್ತ್ರಿ ನೋಡ್ಕೋ."

ಅವಳು ವಾದ ಮಾಡಲಿಲ್ಲ. ಅದಕ್ಕೂ ಶಕ್ತಿ ಬೇಕಿತ್ತು. ತನ್ನದು ಎಂದು ಅವಳಿಗಿದ್ದ ಕೆಲಸ ಕತ್ತರಿಸುವುದೊಂದೇ ಆಗಿತ್ತು.

ಅಷ್ಟರಲ್ಲಿ ಬ್ಯಾಂಕಿನ ಗುಮಾಸ್ತರೊಬ್ಬರು ಅಂಗಿಯ ಟ್ರಯಲ್ ನೋಡಲು ಬಂದರು. ತೊಟ್ಟು, ಕೈ ಎತ್ತಿ, ಮುಖ ಕಿವುಚಿ, "ಕಂಕುಳ ಹತ್ರ ಬಿಗಿ ಅನ್ನಿಸ್ತಿದೆ" ಎಂದರು. ದರ್ಜಿ ಟೇಪು ಹಿಡಿದು ನೋಡಿದ. ಅಳತೆ ಕರಾರುವಾಕ್ಕಾಗಿತ್ತು. ಆದರೂ ಅದನ್ನು ಹೇಳದೆ ಟೇಪನ್ನು ಕೊರಳಿಗೆ ಹಾಕಿಕೊಂಡು, "ಬಿಚ್ಚಿ ಸಡಿಲ ಮಾಡ್ಕೊಡ್ತೀನಿ ಸಾರ್, ಸಂಜೆ ಬನ್ನಿ" ಎಂದ.

ಅವನು ನೀರು ಕುಡಿಯಲು ಅಂಗಡಿಯ ಹಿಂದಿನ ಪರದೆ ಸರಿಸಿ ಮನೆಯೊಳಗೆ ಬಂದಾಗ ಅವಳು ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು.

"ಅವರಿಗೆ ಯಾಕೆ ಟೇಪು ತೋರಿಸ್ಲಿಲ್ಲ?"

"ಯಾರಿಗೆ?"

"ಗುಮಾಸ್ತರಿಗೆ. ಅಳತೆ ಸರಿ ಇತ್ತಲ್ಲ."

"ತೊಟ್ಟವರು ಬಿಗಿ ಅಂದ್ಮೇಲೆ ಬಿಗೀನೇ. ಟೇಪು ತೋರಿಸಿ ಜಗಳ ಆಡೋಕಾಗುತ್ತಾ?"

"ಮತ್ತೆ ನನಗೆ ತೋರಿಸ್ತೀರಲ್ಲ ರೀ, ರಿಪೋರ್ಟು."

ಕುಡಿಯುತ್ತಿದ್ದ ನೀರು ಅವನಿಗೆ ನೆತ್ತಿಗೇರಿತು. ಕೆಮ್ಮಿ ಸುಧಾರಿಸಿಕೊಂಡು ಅವಳ ಮುಖ ನೋಡಿದ. ಹುಬ್ಬಿನ ಅಂಚು ಉದುರಿಹೋಗಿತ್ತು, ಕಣ್ಣ ಕೆಳಗೆ ಬಾತುಕೊಂಡಿತ್ತು. ಗಿರಾಕಿಯ ಭುಜದ ಬೆರಳಗಲ ಏರುಪೇರನ್ನೂ ಹಿಡಿಯುವ ಅವನ ಕಣ್ಣಿಗೆ ಇದು ಬಿದ್ದಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ನಿಧಾನಕ್ಕೆ ಪಕ್ಕದಲ್ಲಿ ಕೂತ.

"ಬಟ್ಟೆಯಾದ್ರೆ ಬಿಚ್ಚಿ ಹೊಲೀತಿದ್ದೆ ಕಣೇ. ಇದಕ್ಕೇನು ಮಾಡ್ಲಿ, ನಂಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ" ಎಂದಳು. ಅಳು ಕೂಡ ಅರ್ಧಕ್ಕೇ ದಣಿದು ನಿಂತಿತು.

"ಡಾಕ್ಟರ ಹತ್ರ ನಾನೂ ಬರ್ತೀನಿ. ಥೈರಾಯ್ಡ್ ಸರಿ ಇದ್ರೆ ಬೇರೆ ಏನಿದೆ ನೋಡಿ ಅಂತ ಕೇಳೋಣ."

"ಏನೂ ಸಿಗದೆ ಹೋದ್ರೆ?"

ಅವನು ಲೋಟ ಬದಿಗಿಟ್ಟ. ಎದ್ದು ಅಂಗಡಿಗೆ ಹೋದ.

"ಮತ್ತೆ ಮಲಗಿದ್ಲಾ ಮಹಾರಾಣಿ?" ಅಕ್ಕನ ದನಿ ಪರದೆ ದಾಟಿ ಒಳಗೆ ಬಂತು.

"ಅವಳಿಗೆ ಹುಷಾರಿಲ್ಲ ಅಕ್ಕ."

"ರಿಪೋರ್ಟು ಸರಿ ಇದೆ ಅಂತ ನೀನೇ ಅಂದೆಯಲ್ಲೋ!"

"ಸರಿ ಇದೆ. ಆದ್ರೂ ಅವಳಿಗೆ ಹುಷಾರಿಲ್ಲ."

ಹೊರಗೆ ಮಷಿನ್ ಸದ್ದು ಶುರುವಾಯಿತು. ಅವಳ ಸುಸ್ತೇನೂ ಇಳಿಯಲಿಲ್ಲ, ಕೈಕಾಲು ಹಾಗೆಯೇ ತಣ್ಣಗಿದ್ದವು. ಇಷ್ಟು ದಿನ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಹೆಜ್ಜೆ ಸದ್ದಾದರೆ ದಡಕ್ಕನೆ ಎದ್ದು ಪಾತ್ರೆ ಹಿಡಿಯುತ್ತಾ ಕದ್ದು ಮಲಗುತ್ತಿದ್ದಳು. ಅಂದು ನಡುಮಧ್ಯಾಹ್ನ, ಬಾಗಿಲು ತೆರೆದಿಟ್ಟೇ ಮಲಗಿದಳು.